ಮಾವಿನ ಮರ ಕಂಡ ಮಾತ್ರಕ್ಕೆ ನಮ್ಮೂರಲ್ಲ: ಫಿಲಿಪ್ಪೀನ್ಸ್‌ಗೆ ಓದಲು ಹೊರಟವರಿಗೆ

ಶಿವಮೊಗ್ಗ ಜಿಲ್ಲೆಯ ಸಾಗರವೂ ಫಿಲಿಪ್ಪೀನ್ಸ್‌ನ ಲೋಸ್ ಬಾನ್ಯೋಸ್ ಪಟ್ಟಣವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಭೂಪಟದಲ್ಲಿ ಸಾಗರದ ಮೇಲೆ ಸ್ಕೇಲ್ ಇಟ್ಟು ಪೂರ್ವಕ್ಕೆ ಗೆರೆ ಎಳೆದರೆ ಅದು ಆಂಧ್ರದ ಕರಾವಳಿ, ಬಂಗಾಳ ಕೊಲ್ಲಿ, ಥಾಯ್ಲೆಂಡ್, ವಿಯೆಟ್ನಾಂ ದಾಟಿ ನಾನು ನಾಲ್ಕು ವರ್ಷ ಓದಿದ ಊರಿನ ಮೇಲೆಯೇ ಹಾದುಹೋಗುತ್ತದೆ. 2013ರ ಜೂನ್‌ನಲ್ಲಿ ಮನಿಲಾದಿಂದ ಬಂದ ಬಸ್ಸಿನಿಂದ ಇಳಿದಾಗ ಕಂಡದ್ದು ತೆಂಗು, ಹಲಸು, ಬಾಳೆ, ಬೇಲಿಯಲ್ಲಿ ದಾಸವಾಳ, ಚರಂಡಿಯ ಅಂಚಿಗೆ ಕೆಸು. ಹಿಂದೆ ಮೋಡ ಹೊದ್ದ ಮಕೀಲಿಂಗ್ ಬೆಟ್ಟ. ಇದರಲ್ಲಿ ಪರದೇಶ ಎನ್ನುವಂಥದ್ದು ಏನಿದೆ ಎಂದುಕೊಂಡೆ.

ಹಾಗೆ ಅಂದುಕೊಂಡದ್ದೇ ಮೊದಲ ವರ್ಷವಿಡೀ ಕಾಲಿಗೆ ತೊಡರಿತು. ಜರ್ಮನಿಗೋ ಕೆನಡಾಕ್ಕೋ ಹೊರಡುವವರು ಜಾಕೆಟ್ ಕೊಳ್ಳುತ್ತಾರೆ, ಹಿಮದ ಬಗ್ಗೆ ಓದುತ್ತಾರೆ, ಹೋದ ಮೇಲೂ ನಾಲ್ಕು ಜನರನ್ನು ಕೇಳಿ ಹೆಜ್ಜೆ ಇಡುತ್ತಾರೆ. ನಮ್ಮಂಥದೇ ಸೆಖೆ, ನಮ್ಮಂಥದೇ ಮಳೆ ಇರುವ ದೇಶಕ್ಕೆ ಹೋಗುವವರು ಯಾರನ್ನೂ ಏನನ್ನೂ ಕೇಳುವುದಿಲ್ಲ. ಅಲ್ಲಿ ನನಗೆ ಪೂರ್ತಿ ಹೊಸದಾಗಿದ್ದ ಸಂಗತಿಗಳು ಹದಿನೈದು ದಿನದಲ್ಲಿ ರೂಢಿಯಾದವು. ತೊಂದರೆ ಕೊಟ್ಟಿದ್ದೆಲ್ಲ ನನಗೆ ಗೊತ್ತು ಎಂದುಕೊಂಡಿದ್ದ ಸಂಗತಿಗಳೇ.

ಲೋಸ್ ಬಾನ್ಯೋಸ್‌ಗೆ ನಮ್ಮವರು ಹೋಗುವುದು ಮುಖ್ಯವಾಗಿ ಕೃಷಿ ವಿಜ್ಞಾನಕ್ಕಾಗಿ. 1909ರಲ್ಲಿ ಕೃಷಿ ಕಾಲೇಜಾಗಿ ಆರಂಭವಾದ ವಿಶ್ವವಿದ್ಯಾಲಯ ಅಲ್ಲಿದೆ. ಅದರ ಪಕ್ಕದಲ್ಲೇ 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. 1966ರಲ್ಲಿ ಐಆರ್8 ತಳಿ ಹೊರಬಂದದ್ದು ಅಲ್ಲಿಂದ, ಎಂ. ಎಸ್. ಸ್ವಾಮಿನಾಥನ್ 1982ರಿಂದ 1988ರವರೆಗೆ ಅದರ ಮಹಾನಿರ್ದೇಶಕರಾಗಿದ್ದರು. ನಾನು ಬರೆಯುವುದು ಈ ಊರನ್ನು ಮನಸ್ಸಿನಲ್ಲಿಟ್ಟುಕೊಂಡು. ವೈದ್ಯಕೀಯ ಓದಲು ದಾವಾವೊ, ಮನಿಲಾ ಕಡೆಗೆ ಹೋಗುವವರಿಗೂ ಊಟ, ಮಳೆ, ಮಾತಿನ ವಿಷಯ ಬಹುಪಾಲು ಅನ್ವಯಿಸುತ್ತದೆ. ಅವರಿಗೆ ಒಂದೇ ಹೆಚ್ಚುವರಿ ಮಾತು: ಏಜೆಂಟರ ಬಾಯಿಮಾತು ನಂಬದೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳನ್ನು ಸ್ವತಃ ಓದಿ. ಕನಿಷ್ಠ 54 ತಿಂಗಳ ಕೋರ್ಸ್, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇಲ್ಲದಿದ್ದರೆ ಭಾರತಕ್ಕೆ ಮರಳಿದ ಮೇಲೆ ಪದವಿ ಗೋಡೆಯ ಮೇಲಷ್ಟೇ ಉಳಿಯುತ್ತದೆ.

ಹೊರಡುವ ಮುನ್ನ: ಕಾಗದ ಮತ್ತು ಹೆಸರು

ಮೊದಲ ಕೆಲಸ ಅಂಕಪಟ್ಟಿ ಮತ್ತು ಪದವಿ ಪತ್ರಗಳ ದೃಢೀಕರಣ. ನನ್ನ ಕಾಲದಲ್ಲಿ ರಾಯಭಾರ ಕಚೇರಿಯ ಮುದ್ರೆಗಾಗಿ ಕಾಗದಗಳು ದೆಹಲಿಗೆ ಹೋಗಿ ಬರಬೇಕಿತ್ತು. 2019ರ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್ ಕೂಡ ಅಪಾಸ್ಟೀಲ್ ಒಪ್ಪಂದದೊಳಗೆ, ಎಂದರೆ ಒಂದು ದೇಶದ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ಒಪ್ಪುವ ಏರ್ಪಾಟಿನೊಳಗೆ, ಬಂದಿರುವುದರಿಂದ ಈಗ ನಮ್ಮ ವಿದೇಶಾಂಗ ಸಚಿವಾಲಯದ ಅಪಾಸ್ಟೀಲ್ ಮುದ್ರೆ ಸಾಕು. ಆದರೆ ಅದಕ್ಕೂ ಮೊದಲು ರಾಜ್ಯ ಮಟ್ಟದ ದೃಢೀಕರಣ ಆಗಬೇಕು. ಅದಕ್ಕೂ ಮೊದಲು ನಿಮ್ಮ ವಿಶ್ವವಿದ್ಯಾಲಯ ಕಾಗದ ಕೊಡಬೇಕು. ಎರಡು ತಿಂಗಳಾದರೂ ಕೈಯಲ್ಲಿಟ್ಟುಕೊಳ್ಳಿ.

ಎರಡನೆಯದು ಹೆಸರು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮಲ್ಲಿ ಬಹಳ ಮಂದಿಗೆ ಮನೆತನದ ಹೆಸರಿಲ್ಲ. ಊರಿನ ಹೆಸರಿನದೊಂದು, ಅಪ್ಪನ ಹೆಸರಿನದೊಂದು ಇನಿಷಿಯಲ್ ಇರುತ್ತದೆ. ಅಲ್ಲಿನ ಪ್ರತಿಯೊಂದು ಅರ್ಜಿಯಲ್ಲಿಯೂ ಮೂರು ಖಾನೆಗಳಿರುತ್ತವೆ: ಮನೆತನದ ಹೆಸರು, ನಿಮ್ಮ ಹೆಸರು, ನಡುವಿನ ಹೆಸರು. ನಡುವಿನ ಹೆಸರು ಎಂದರೆ ಅಲ್ಲಿ ತಾಯಿಯ ತವರಿನ ಮನೆತನದ ಹೆಸರು. ನಾನು ಇದ್ಯಾವುದೂ ಗೊತ್ತಿಲ್ಲದೆ ಒಂದು ಅರ್ಜಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ತುಂಬಿದೆ. ಬ್ಯಾಂಕಿನಲ್ಲಿ ನಾನು ಒಬ್ಬರು, ಗ್ರಂಥಾಲಯದಲ್ಲಿ ಇನ್ನೊಬ್ಬರು ಆದೆ. ಕೊನೆಗೆ ಅಪ್ಪನ ಹೆಸರೇ ಮನೆತನದ ಹೆಸರಾಗಿ ನಿಂತು, ಪ್ರಾಧ್ಯಾಪಕರೊಬ್ಬರು ನಾಲ್ಕು ವರ್ಷವೂ ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆದರು. ಪಾಸ್‌ಪೋರ್ಟ್‌ನಲ್ಲಿ ನಿಮ್ಮ ಹೆಸರು, ಮನೆತನದ ಹೆಸರು ಎರಡೂ ಖಾನೆಗಳು ತುಂಬಿರಲಿ. ಅಲ್ಲಿರುವ ಅಕ್ಷರಗಳನ್ನೇ, ಅದೇ ಕ್ರಮದಲ್ಲಿ, ಎಲ್ಲೆಡೆಯೂ ಬರೆಯಿರಿ. ವಿದ್ಯಾರ್ಥಿ ವೀಸಾ ಆದ ಮೇಲೆ ವಿದೇಶಿಯರ ನೋಂದಣಿ ಕಾರ್ಡ್ ಕೊಡುತ್ತಾರೆ. ಅದರ ಮೇಲೆ ಮುದ್ರಣವಾದ ಹೆಸರೇ ಮುಂದಿನ ಎಲ್ಲ ವ್ಯವಹಾರಕ್ಕೂ ಆಧಾರವಾಗುತ್ತದೆ.

ಪೆಟ್ಟಿಗೆಗೆ ಏನು ಹಾಕಬೇಕು? ಬಟ್ಟೆ ಕಡಿಮೆ, ಪ್ರೆಶರ್ ಕುಕ್ಕರ್ ಖಂಡಿತ. ಅಲ್ಲಿ ವಿದ್ಯುತ್ 220 ವೋಲ್ಟ್, ನಮ್ಮ ಮಿಕ್ಸಿ ಓಡುತ್ತದೆ. ಆದರೆ ಗೋಡೆಯ ಪ್ಲಗ್ ಅಮೆರಿಕದ ಮಾದರಿಯದು, ಎರಡು ಚಪ್ಪಟೆ ಕಡ್ಡಿಗಳದು. ನಮ್ಮ ಗುಂಡು ಕಡ್ಡಿಯ ಪ್ಲಗ್ ಅದರ ಹತ್ತಿರವೂ ಸುಳಿಯುವುದಿಲ್ಲ. ಗಟ್ಟಿಯಾದ ಅಡಾಪ್ಟರ್ ಎರಡು ಇಟ್ಟುಕೊಳ್ಳಿ. ಅನ್ನದ ಎಲೆಕ್ಟ್ರಿಕ್ ಕುಕ್ಕರ್ ಅಲ್ಲಿಯೇ ಅಗ್ಗ, ಹೊತ್ತೊಯ್ಯಬೇಡಿ. ಸಾರಿನ ಪುಡಿ, ಸಾಂಬಾರ್ ಪುಡಿ, ಇಂಗು, ಒಂದಿಷ್ಟು ತೊಗರಿಬೇಳೆ ಸಾಕು. ಅಮ್ಮ ಹಿತ್ತಲಿನ ಅವರೆ ಬೀಜ, ಹೀರೆ ಬೀಜ ಕಟ್ಟಿಕೊಟ್ಟರೆ ಮನೆಯಲ್ಲೇ ಬಿಟ್ಟು ಹೋಗಿ. ಬಿತ್ತನೆ ಬೀಜಕ್ಕೆ ಆಮದು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಕೃಷಿ ವಿದ್ಯಾರ್ಥಿಯೇ ಬೀಜ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದರೆ ಅದಕ್ಕಿಂತ ಮುಜುಗರ ಇನ್ನೊಂದಿಲ್ಲ.

ಮೊದಲ ವಾರ: ಕೋಣೆ, ನೀರು, ಬೂಷ್ಟು

ಕೋಣೆ ನೋಡುವಾಗ ಮಲೆನಾಡಿನವರಿಗೆ ಗೊತ್ತಿರುವ ಪ್ರಶ್ನೆಯನ್ನೇ ಕೇಳಿ: ಗಾಳಿ ಆಡುತ್ತದೆಯೇ? ನಾನು ಬಾಡಿಗೆ ನೋಡಿದೆ, ಕಿಟಕಿ ನೋಡಲಿಲ್ಲ. ಜೂನ್‌ನಲ್ಲಿ ಒಳಹೊಕ್ಕವನು ಆಗಸ್ಟ್‌ನಲ್ಲಿ ಬೆಲ್ಟ್ ತೆಗೆದರೆ ಅದಕ್ಕೆ ಹಸಿರು ಬೂಷ್ಟು. ಶೂಗಳಿಗೂ ಅದೇ ಗತಿ. ಅಂಕಪಟ್ಟಿಗಳ ಅಂಚಿನಲ್ಲಿ ಚುಕ್ಕೆಗಳು. ಊರಿನಲ್ಲಾದರೆ ಅಟ್ಟ, ಬಚ್ಚಲೊಲೆಯ ಬಿಸಿ, ಒಲೆಯ ಹೊಗೆ ಇದ್ದವು. ಮಳೆಗಾಲವನ್ನು ನಮ್ಮ ಮನೆಗಳೇ ನಿಭಾಯಿಸುತ್ತಿದ್ದವು, ನಾವಲ್ಲ. ಸಿಮೆಂಟಿನ ಹತ್ತಡಿ ಕೋಣೆಯಲ್ಲಿ ಆ ಕೆಲಸ ನಿಮ್ಮದು. ಕಾಗದಗಳನ್ನು ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳ ಜೊತೆ ಇಡಿ. ಬಟ್ಟೆ ಒಗೆದು ಒಣಗಿಸಿಕೊಡುವ ಅಂಗಡಿಗಳು ಬೀದಿಗೊಂದಿವೆ, ಕಿಲೋ ಲೆಕ್ಕದಲ್ಲಿ ತೆಗೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಜಿಪುಣತನ ಬಿಟ್ಟು ಅಲ್ಲಿಗೇ ಕೊಡಿ.

ಬಾಡಿಗೆಗೆ ಒಂದು ತಿಂಗಳ ಮುಂಗಡ, ಎರಡು ತಿಂಗಳ ಠೇವಣಿ ಎಂಬುದು ಸಾಮಾನ್ಯ ಪದ್ಧತಿ. ಒಂದು ಪೆಸೊ ಸುಮಾರು ಒಂದೂವರೆ ರೂಪಾಯಿ ಎಂದು ಇಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ನಲ್ಲಿಯ ನೀರನ್ನು ಹಾಗೆಯೇ ಕುಡಿಯಬೇಡಿ. ಶುದ್ಧ ನೀರು ತುಂಬಿಕೊಡುವ ಅಂಗಡಿಗಳಿಂದ ನೀಲಿ ಕ್ಯಾನ್ ತರಿಸಿಕೊಳ್ಳುವುದು ಎಲ್ಲ ಮನೆಗಳ ರೂಢಿ. ಇನ್ನು ಬಚ್ಚಲಿನಲ್ಲಿ ನಿಮಗೊಂದು ಸಮಾಧಾನ ಕಾದಿದೆ. ಬಕೆಟ್ಟು, ಅದರೊಳಗೆ ಹಿಡಿಕೆಯ ಚೊಂಬು. ಅದಕ್ಕೆ ಅಲ್ಲಿ ತಾಬೊ ಎನ್ನುತ್ತಾರೆ. ಯುರೋಪಿಗೆ ಹೋದ ನನ್ನ ಗೆಳೆಯರು ಕಾಗದದ ಸುರುಳಿಯ ಜೊತೆ ಗುದ್ದಾಡುತ್ತಿದ್ದಾಗ ನಾನು ನೆಮ್ಮದಿಯಾಗಿದ್ದೆ.

ಊಟ: ಹಲಸಿನ ಪಲ್ಯದೊಳಗಿನ ಸೀಗಡಿ

ಮಾಂಸಾಹಾರಿಗಳು ಈ ಭಾಗವನ್ನು ಹಾರಿಸಿ ಮುಂದೆ ಹೋಗಬಹುದು. ಅವರಿಗೆ ಅಲ್ಲಿ ಅನ್ನವಿದೆ, ಮೀನಿದೆ, ಹುಣಸೆ ಹುಳಿಯ ಸಿನಿಗಾಂಗ್ ಎಂಬ ಸಾರಿದೆ. ಖಾರ ಸಾಲದು ಎಂಬ ಒಂದು ದೂರು ಬಿಟ್ಟರೆ ಬೇರೇನೂ ಇರುವುದಿಲ್ಲ.

ನಾನು ಸಸ್ಯಾಹಾರಿ ಮನೆಯಿಂದ ಹೋದವನು. ಮೊದಲ ದಿನ ಕ್ಯಾಂಪಸ್ ಗೇಟಿನಾಚೆಯ ಸಣ್ಣ ಹೋಟೆಲಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ತಟ್ಟೆಗಳ ಸಾಲು ನೋಡಿ ಕಣ್ಣು ತುಂಬಿತು. ಎಳೆ ಹಲಸಿನಕಾಯಿಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ್ದರು. ಪಕ್ಕದಲ್ಲಿ ಕೆಸುವಿನ ಎಲೆ, ಅದೂ ತೆಂಗಿನ ಹಾಲಿನಲ್ಲಿ. ಅದರಾಚೆ ಹೆಸರುಕಾಳಿನ ಗಟ್ಟಿ ಸಾರಿಗೆ ನುಗ್ಗೆಸೊಪ್ಪು ಹಾಕಿದ್ದರು. ಸಾಗರದಲ್ಲೇ ಇಷ್ಟು ಒಟ್ಟಿಗೆ ಸಿಗುವುದಿಲ್ಲ! ಮೂರನ್ನೂ ಹಾಕಿಸಿಕೊಂಡೆ. ಹಲಸಿನೊಳಗೆ ಒಣ ಸೀಗಡಿ ಇತ್ತು, ಕೆಸುವಿನೊಳಗೆ ಹಂದಿ ಮಾಂಸದ ಚೂರು, ಹೆಸರುಕಾಳಿನ ತಳದಲ್ಲಿ ಮೀನು. ಬರಿ ಅನ್ನ ತಿಂದು ಎದ್ದೆ.

ಅಲ್ಲಿ ತರಕಾರಿ ಎಂದರೆ ಮಾಂಸವಿಲ್ಲದ್ದು ಎಂದು ಅರ್ಥವಲ್ಲ. ತರಕಾರಿ ಇರುವ ಅಡುಗೆ ಎಂದಷ್ಟೇ ಅರ್ಥ. ನಾವು ಒಗ್ಗರಣೆ ಹಾಕುವಂತೆ ಅವರು ರುಚಿಗೆ ಸ್ವಲ್ಪ ಹಂದಿಯನ್ನೋ ಸೀಗಡಿಯನ್ನೋ ಹಾಕುತ್ತಾರೆ. ಕಣ್ಣಿಗೆ ಏನೂ ಕಾಣದಿದ್ದರೂ ಪಾತಿಸ್ ಎಂಬ ಮೀನಿನ ರಸವೋ ಬಾಗೋಂಗ್ ಎಂಬ ಹುದುಗಿಸಿದ ಸೀಗಡಿಯೋ ಬಿದ್ದಿರುತ್ತದೆ. 'ನಾನು ಸಸ್ಯಾಹಾರಿ' ಎಂದರೆ ಅಜ್ಜಿಯೊಬ್ಬರು ಕರುಣೆಯಿಂದ ಕೋಳಿ ಬಡಿಸಿದ್ದರು. ಹಾಗಾಗಿ ಒಂದೊಂದಾಗಿ ಕೇಳಿ: ಮಾಂಸ ಇದೆಯೇ, ಮೀನು ಇದೆಯೇ, ಸೀಗಡಿ ಇದೆಯೇ, ಪಾತಿಸ್ ಇದೆಯೇ. ಇಲ್ಲ ಎನ್ನಲು ಅವರು 'ವಾಲಾ' ಎನ್ನುತ್ತಾರೆ. ನಾಲ್ಕು ವಾಲಾ ಬಂದರೆ ತಟ್ಟೆ ಚಾಚಿ.

ಹಾಗೆಂದು ಹೊರಗೆ ತಿನ್ನಲು ಏನೂ ಇಲ್ಲವೆಂದಲ್ಲ. ಬೆಳಿಗ್ಗೆ 'ತಹೋ' ಎಂದು ರಾಗವಾಗಿ ಕೂಗುತ್ತ ಹೆಗಲ ಮೇಲೆ ಅಡ್ಡೆ ಹೊತ್ತು ಬರುವವರ ಬಳಿ ಬಿಸಿಯಾದ ಸೋಯಾ ಗಿಣ್ಣು, ಮೇಲೆ ಬೆಲ್ಲದ ಪಾಕದಂಥದ್ದು ಸಿಗುತ್ತದೆ. ಬಾಳೆಹಣ್ಣಿಗೆ ಹಲಸಿನ ಎಸಳು ಸೇರಿಸಿ ಸುತ್ತಿ ಕರಿದ ತುರೋನ್ ಇದೆ. ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಸುಮಾನ್ ನಮ್ಮ ಕಡುಬಿನ ದೂರದ ನಂಟು. ಪುಟೊ ಎಂಬ ಹಬೆಯಲ್ಲಿ ಬೇಯಿಸಿದ ಅಕ್ಕಿ ತಿನಿಸನ್ನು ಇಡ್ಲಿ ಎಂದುಕೊಂಡು ಚಟ್ನಿ ಪುಡಿ ಹಚ್ಚಿದೆ, ಸಿಹಿಯಾಗಿತ್ತು. ಆಮೇಲೆ ಅಭ್ಯಾಸವಾಯಿತು ಎನ್ನಲಾರೆ.

ನಿಜವಾದ ಪರಿಹಾರ ನೀವೇ ಬೇಯಿಸಿಕೊಳ್ಳುವುದು. ಬೆಳಿಗ್ಗೆ ಆರಕ್ಕೇ ಪಾಲೆಂಗ್ಕೆಗೆ, ಎಂದರೆ ಸಂತೆ ಮಾರುಕಟ್ಟೆಗೆ, ಹೋಗಿ. ಬದನೆ ತಾಲೊಂಗ್, ಸೋರೆ ಊಪೊ, ಹಾಗಲ ಅಂಪಲಾಯಾ, ಅಲಸಂದೆ ಸೀತಾವ್, ನುಗ್ಗೆಸೊಪ್ಪು ಮಲುಂಗಾಯ್, ಹೆಸರುಕಾಳು ಮೊಂಗ್ಗೊ, ಶುಂಠಿ ಲೂಯಾ, ಬಾಳೆಯ ಹೂವು ಪೂಸೊ. ಕಳಲೆಯೂ ಸಿಗುತ್ತದೆ, ಅದರ ಹೆಸರು ಲಬೋಂಗ್. ತೆಂಗಿನಕಾಯಿಯನ್ನು ಯಂತ್ರದಲ್ಲಿ ತುರಿದು ಕೊಡುತ್ತಾರೆ, ಆ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದೆ. ಅಕ್ಕಿ ಸ್ವಲ್ಪ ಅಂಟು. ನೀರು ಕಡಿಮೆ ಇಟ್ಟರೆ ಚಿತ್ರಾನ್ನಕ್ಕೂ ಆಗುತ್ತದೆ. ಕಷ್ಟವಿರುವುದು ಮೊಸರಿಗೆ. ಹೈನು ಕಡಿಮೆಯಿರುವ ನಾಡು, ಅಂಗಡಿಯಲ್ಲಿರುವುದು ಹೆಚ್ಚಾಗಿ ಪೆಟ್ಟಿಗೆ ಹಾಲು ಅಥವಾ ಹಾಲಿನ ಪುಡಿ. ಲೋಸ್ ಬಾನ್ಯೋಸ್‌ನಲ್ಲಿ ವಿಶ್ವವಿದ್ಯಾಲಯದ ಹೈನುಗಾರಿಕೆ ಸಂಸ್ಥೆ ಇರುವುದರಿಂದ ತಾಜಾ ಹಾಲು ಸಿಗುತ್ತದೆ. ಸಿಹಿ ಹಾಕದ ಒಂದು ಕಪ್ ಯೋಗರ್ಟ್ ತಂದು ಹೆಪ್ಪು ಮಾಡಿಕೊಳ್ಳಿ. ಆ ಸೆಖೆಯಲ್ಲಿ ಐದಾರು ಗಂಟೆಯಲ್ಲಿ ಮೊಸರಾಗುತ್ತದೆ. ತೊಗರಿಬೇಳೆ, ಉದ್ದಿನಬೇಳೆ, ಸಾಸಿವೆ ಮುಗಿದಾಗ ಮನಿಲಾದ ಯುಎನ್ ಅವೆನ್ಯೂ ಸುತ್ತಮುತ್ತಲ ಭಾರತೀಯ ದಿನಸಿ ಅಂಗಡಿಗಳಿಗೆ ಹೋಗಬೇಕು. ತಿಂಗಳಿಗೆ ಒಬ್ಬರು ಹೋಗಿ ಎಲ್ಲರಿಗೂ ತರುವ ಸರದಿ ಇಟ್ಟುಕೊಂಡಿದ್ದೆವು.

ಎರಡು ದಿನಗಳನ್ನು ಮಾತ್ರ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಈಸ್ಟರ್‌ಗೆ ಮುಂಚಿನ ಗುರುವಾರ ಮತ್ತು ಶುಕ್ರವಾರ ಆ ದೇಶ ಬಾಗಿಲು ಹಾಕಿಕೊಳ್ಳುತ್ತದೆ. ಹೋಟೆಲ್ ಇಲ್ಲ, ಮಾರುಕಟ್ಟೆ ಇಲ್ಲ, ಸಣ್ಣ ಬಸ್ಸಿನಂತೆ ಓಡುವ ಜೀಪ್ನಿಗಳು ಎಲ್ಲೋ ಒಂದೊಂದು. ನಮ್ಮಲ್ಲಿ ಹಬ್ಬವೆಂದರೆ ಅಂಗಡಿಗಳು ಇನ್ನೂ ಹೆಚ್ಚು ಹೊತ್ತು ತೆರೆದಿರುತ್ತವೆ. ಆ ಲೆಕ್ಕದಲ್ಲೇ ಇದ್ದ ನಾನು 2014ರ ಏಪ್ರಿಲ್‌ನಲ್ಲಿ ಎರಡು ದಿನ ಅವಲಕ್ಕಿ ಮತ್ತು ಬಾಳೆಹಣ್ಣಿನಲ್ಲಿ ಕಳೆದೆ. ಅವಲಕ್ಕಿಯೂ ಊರಿನಿಂದ ಬಂದದ್ದು.

ಜೀಪ್ನಿ ಹತ್ತುವ ಬಗೆ

ಹಿಂದಿನಿಂದ ಹತ್ತಿ, ತಲೆ ಬಗ್ಗಿಸಿ. ಎದುರು ಬದುರು ಎರಡು ಉದ್ದ ಬೆಂಚುಗಳು. ಕಂಡಕ್ಟರ್ ಇಲ್ಲ. ದುಡ್ಡನ್ನು ಪಕ್ಕದವರ ಕೈಗೆ ಕೊಟ್ಟು 'ಬಾಯಾದ್ ಪೊ' ಎನ್ನಿ. ಅದು ಕೈಯಿಂದ ಕೈಗೆ ದಾಟಿ ಡ್ರೈವರನ್ನು ತಲುಪುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ನನ್ನ ಕಾಲದಲ್ಲಿ ಕನಿಷ್ಠ ದರ 8 ಪೆಸೊ ಇತ್ತು. ಬೆಳಗಿನ ಹೊತ್ತು ಸಾವಿರದ ನೋಟು ತೆಗೆದರೆ ಜೀಪ್ನಿಯೊಳಗಿನ ಇಡೀ ಸಮಾಜ ನಿಮ್ಮನ್ನು ನೋಡುತ್ತದೆ. ಇಳಿಯಬೇಕಾದಲ್ಲಿ 'ಪಾರಾ ಪೊ' ಎಂದು ಗಟ್ಟಿಯಾಗಿ ಕೂಗಿ. ಸಂಕೋಚದಿಂದ ಪಿಸುಗುಟ್ಟಿದರೆ ಮುಂದಿನ ಊರಿಗೆ ಹೋಗಿ ಇಳಿಯುತ್ತೀರಿ.

ಮಾತು: ಹಿಂದಿ ಎಂದರೆ ಅಲ್ಲ

ಪಾಠ ಇಂಗ್ಲಿಷಿನಲ್ಲಿ, ಬೋರ್ಡುಗಳು ಇಂಗ್ಲಿಷಿನಲ್ಲಿ. ಆದ್ದರಿಂದ ಅಲ್ಲಿನವರ ಭಾಷೆಯಾದ ಟಗಾಲೊಗ್ ಕಲಿಯುವ ಅಗತ್ಯವಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕೇಳಬೇಡಿ. ತರಗತಿಯ ಹೊರಗೆ, ಗದ್ದೆಯಲ್ಲಿ ನಿಮಗೆ ನೆರವಾಗುವ ಕೆಲಸಗಾರರ ಜೊತೆ, ಸಂತೆಯಲ್ಲಿ, ಅದೇ ಬೇಕು.

ಕೆಲವು ಪದಗಳು ಮನೆಯವೇ. ಮುಖಕ್ಕೆ ಮುಖಾ ಎನ್ನುತ್ತಾರೆ, ಶಿಕ್ಷಕರಿಗೆ ಗುರೊ. ಸಂಸ್ಕೃತ ಎಲ್ಲೆಲ್ಲಿ ಹೋಗಿ ಕೂತಿದೆ ಎಂದು ಬೀಗುವಷ್ಟರಲ್ಲಿ ಬೇರೆ ಪದಗಳು ಕಾಲೆಳೆಯುತ್ತವೆ. 'ಅಮಾ' ಎಂದರೆ ಅಪ್ಪ. 'ಆತೆ' ಎಂದರೆ ಅತ್ತೆಯಲ್ಲ, ಅಕ್ಕ. 'ಹಿಂದಿ' ಎಂದರೆ ಅಲ್ಲ, ಇಲ್ಲ. ನಿಮ್ಮ ಭಾಷೆ ಹಿಂದಿಯೇ ಎಂದು ಕೇಳಿದವರಿಗೆ ನಾನು 'ಹಿಂದಿ' ಎಂದೇ ಉತ್ತರಿಸುತ್ತಿದ್ದೆ. ಅವರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಗುತ್ತಿತ್ತು, ನನಗೆ ಪ್ರತಿಸಲವೂ ಖುಷಿಯಾಗುತ್ತಿತ್ತು.

ಗೌರವಕ್ಕೆ 'ಪೊ' ಎಂಬ ಒಂದಕ್ಷರವಿದೆ. ಉತ್ತರ ಕರ್ನಾಟಕದವರು ಮಾತಿನ ಕೊನೆಗೆ 'ರೀ' ಸೇರಿಸಿದ ಹಾಗೆ ಅದನ್ನು ಸೇರಿಸುತ್ತ ಹೋಗಿ. ಡ್ರೈವರ್, ಕಾವಲುಗಾರ, ನಿಮಗಿಂತ ಸ್ವಲ್ಪ ದೊಡ್ಡ ಸಹಪಾಠಿ ಎಲ್ಲರಿಗೂ 'ಕೂಯಾ', ಎಂದರೆ ಅಣ್ಣ. ಹೆಂಗಸರಿಗೆ 'ಆತೆ'. ಬರಿ ಹೆಸರು ಕರೆಯುವುದು ನಮ್ಮಲ್ಲಿ ಹೇಗೋ ಅಲ್ಲಿಯೂ ಹಾಗೇ ಕಿವಿಗೆ ಒರಟು. ಹೌದು ಎನ್ನಲು ಅವರು ಮಾತಾಡದೆ ಹುಬ್ಬು ಏರಿಸುತ್ತಾರೆ. ದಿಕ್ಕು ತೋರಿಸಲು ತುಟಿ ಚಾಚುತ್ತಾರೆ. ನಾವು ತಲೆಯನ್ನು ಅತ್ತಿತ್ತ ಆಡಿಸಿ ಹೌದು ಎನ್ನುವುದು ಅವರಿಗೆ ಇಲ್ಲ ಎಂದು ಕಾಣುತ್ತದೆ. ನನ್ನ ಮನೆಯೊಡತಿ ಊಟಕ್ಕೆ ಬರುತ್ತೀಯಾ ಎಂದು ಕೇಳಿ, ನನ್ನ ತಲೆಯಾಟ ನೋಡಿ, ತಟ್ಟೆ ಎತ್ತಿಟ್ಟಿದ್ದರು. ಬಾಯಿಬಿಟ್ಟು ಹೇಳಿ.

ಇನ್ನೊಂದು ಪದ ಕಿವಿಗೆ ಬೀಳುತ್ತದೆ: 'ಬುಂಬಾಯ್'. ಭಾರತೀಯರಿಗೆಲ್ಲ ಅಲ್ಲಿ ಅದೇ ಹೆಸರು, ಬಾಂಬೆಯಿಂದ ಬಂದದ್ದು. ಬೈಕಿನಲ್ಲಿ ಮನೆಮನೆಗೆ ಬಂದು ಐದು ಕೊಟ್ಟು ಆರು ವಸೂಲಿ ಮಾಡುವ ಸಾಲದ ವ್ಯಾಪಾರದಲ್ಲಿ ಪಂಜಾಬಿ ಮೂಲದವರು ಬಹಳ ಕಾಲದಿಂದ ಇದ್ದಾರೆ. ಹಟ ಮಾಡುವ ಮಕ್ಕಳಿಗೆ ಬುಂಬಾಯ್ ಹಿಡಿದುಕೊಂಡು ಹೋಗುತ್ತಾನೆ ಎಂದು ಹೆದರಿಸುವುದೂ ಇದೆ. ಒಂದು ಮಗು ನನ್ನನ್ನು ಕಂಡು ಅಳುತ್ತ ಒಳಗೋಡಿತ್ತು. ಬೇಜಾರು ಮಾಡಿಕೊಳ್ಳುವುದೋ ಬಿಡುವುದೋ ನಿಮಗೆ ಬಿಟ್ಟಿದ್ದು. ನಾನು ಒಂದು ಪೊಟ್ಟಣ ಚಿಕ್ಕಿ ಕೊಟ್ಟೆ, ಎರಡನೇ ತಿಂಗಳಿಗೆ ಆ ಮಗುವೇ ಬಾಗಿಲು ತಟ್ಟುತ್ತಿತ್ತು.

ತರಗತಿ ಮತ್ತು ಗದ್ದೆ

ಅಂಕ ನೀಡುವ ಕ್ರಮ ನಮ್ಮದಕ್ಕೆ ತಿರುಗುಮುರುಗು. 1.00 ಅತ್ಯುತ್ತಮ, 3.00 ಪಾಸಾಗಲು ಕೊನೆಯ ಗೆರೆ, 5.00 ಎಂದರೆ ಅನುತ್ತೀರ್ಣ. ಸ್ನಾತಕೋತ್ತರ ವಿದ್ಯಾರ್ಥಿಗಳು ಸರಾಸರಿಯನ್ನು 2.00 ಅಥವಾ ಅದಕ್ಕಿಂತ ಉತ್ತಮವಾಗಿ ಇಟ್ಟುಕೊಳ್ಳಬೇಕು. ಇದನ್ನು ಮನೆಯವರಿಗೆ ಮೊದಲೇ ವಿವರಿಸಿ. 1.25 ಬಂತು ಎಂದು ನಾನು ಹಿಗ್ಗಿ ಹೇಳಿದಾಗ ಫೋನಿನ ಆ ತುದಿಯಲ್ಲಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೋಗಲಿ ಬಿಡು, ಮುಂದಿನ ಸಲ ನೋಡೋಣ' ಎಂದಿದ್ದರು.

ಇದಕ್ಕಿಂತ ದುಬಾರಿಯಾದ ಪಾಠ ಇನ್ನೊಂದು. ನನ್ನ ಮೊದಲ ಕ್ಷೇತ್ರ ಪ್ರಯೋಗದ ಯೋಜನೆ ನೋಡಿದ ಮಾರ್ಗದರ್ಶಕರು, ಬಹಳ ಆಸಕ್ತಿಕರವಾಗಿದೆ, ತಾಕುಗಳ ಸಂಖ್ಯೆಯ ಬಗ್ಗೆ ಬೇಕಿದ್ದರೆ ಇನ್ನೊಮ್ಮೆ ಯೋಚಿಸಬಹುದು ಎಂದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಬೇಕಿದ್ದರೆ ಎಂದರಲ್ಲ, ನನಗೆ ಬೇಕಿರಲಿಲ್ಲ. ಧಾರವಾಡದಲ್ಲಿ ನನ್ನ ಗುರುಗಳಾಗಿದ್ದರೆ ಕಾಗದ ಎಸೆದು 'ಇದು ನಡೆಯುವುದಿಲ್ಲ' ಎನ್ನುತ್ತಿದ್ದರು, ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಅಲ್ಲಿ ಎದುರಿನವರ ಮುಖ ಸಣ್ಣದಾಗುವಂತೆ ಇಲ್ಲ ಎನ್ನುವುದು ಒರಟುತನ. ಯೋಚಿಸಬಹುದು ಎಂದರೆ ಬದಲಾಯಿಸು ಎಂದೇ ಅರ್ಥ. ಪ್ರಯತ್ನಿಸೋಣ ಎಂದರೆ ಬಹುಶಃ ಆಗುವುದಿಲ್ಲ ಎಂದು. ಆ ಹಂಗಾಮಿನ ದತ್ತಾಂಶ ಕೆಲಸಕ್ಕೆ ಬರಲಿಲ್ಲ.

ಹಂಗಾಮು ಕಳೆದುಕೊಂಡರೆ ಆರು ತಿಂಗಳು ಕಳೆದುಕೊಂಡಂತೆ. ಭತ್ತದ ಮೇಲೆ ಕೆಲಸ ಮಾಡುವವರು ಪ್ರಬಂಧದ ವೇಳಾಪಟ್ಟಿಯನ್ನು ಸೆಮಿಸ್ಟರ್ ಲೆಕ್ಕದಲ್ಲಿ ಅಲ್ಲ, ನಾಟಿಯ ಲೆಕ್ಕದಲ್ಲಿ ಹಾಕಿ. ಒಣ ಹಂಗಾಮಿನ ನಾಟಿ ಡಿಸೆಂಬರ್, ಜನವರಿಗೆ. ಮಳೆಗಾಲದ್ದು ಜೂನ್, ಜುಲೈಗೆ. ಒಣ ಹಂಗಾಮಿನಲ್ಲಿ ಬಿಸಿಲು ಚೆನ್ನಾಗಿ ಸಿಗುವುದರಿಂದ ಇಳುವರಿಯೂ ಹೆಚ್ಚು, ಗಾಳಿಗೆ ಪೈರು ಮಲಗುವ ಭಯವೂ ಕಡಿಮೆ. ನಿಮ್ಮ ಪ್ರಬಂಧದ ಜೀವಾಳವಾದ ಪ್ರಯೋಗವನ್ನು ಆ ಹಂಗಾಮಿಗೇ ಇಟ್ಟುಕೊಳ್ಳಿ. ಪ್ರತಿ ಭೇಟಿಯ ನಂತರ ನೀವು ಅರ್ಥ ಮಾಡಿಕೊಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಮಾರ್ಗದರ್ಶಕರಿಗೆ ಇಮೇಲ್ ಮಾಡಿ, ಹೀಗೆ ತಾನೆ ಎಂದು ಕೇಳಿ. ಎದುರಿಗೆ ಹೇಳಲಾಗದ್ದನ್ನು ಅವರು ಉತ್ತರದಲ್ಲಿ ಬರೆಯುತ್ತಾರೆ.

ಮಳೆ ಗೊತ್ತು ಎನ್ನುವವರಿಗೆ

ಆಗುಂಬೆಯ ಪಕ್ಕದವರಿಗೆ ಮಳೆ ಹೇಳಿಕೊಡುತ್ತೀರಾ ಎಂದು ನಾನು ನಕ್ಕಿದ್ದೆ. ನಮ್ಮ ಮಳೆ ದಿನಗಟ್ಟಲೆ ಸುರಿಯುತ್ತದೆ, ನಿಜ. ಆದರೆ ಅದು ಮನೆಯ ಹೆಂಚನ್ನು ಕಿತ್ತುಕೊಂಡು ಪಕ್ಕದ ಬೀದಿಗೆ ಒಯ್ಯುವುದಿಲ್ಲ. 2014ರ ಜುಲೈ 16ರ ಬೆಳಿಗ್ಗೆ ಗ್ಲೆಂಡಾ ಚಂಡಮಾರುತ ನಮ್ಮ ಪ್ರಾಂತ್ಯವನ್ನು ಹಾದುಹೋದಾಗ ತಗಡಿನ ಹಾಳೆಗಳು ಕಾಗದದಂತೆ ಹಾರಿದವು. ಕ್ಯಾಂಪಸ್ಸಿನ ದೊಡ್ಡ ಮರಗಳು ಬುಡಸಮೇತ ಮಲಗಿದ್ದವು. ನಮ್ಮ ಓಣಿಗೆ ಹಲವು ದಿನ ಕರೆಂಟ್ ಇರಲಿಲ್ಲ, ಕರೆಂಟ್ ಇಲ್ಲದ್ದರಿಂದ ನೀರಿನ ಪಂಪೂ ಇಲ್ಲ, ಎಟಿಎಂ ಕೂಡ ಇಲ್ಲ.

ಎಚ್ಚರಿಕೆಯ ಸಂಕೇತಗಳು ಈಗ ಒಂದರಿಂದ ಐದರವರೆಗೆ ಇವೆ. ಸಂಖ್ಯೆ ಹೆಚ್ಚಿದಷ್ಟೂ ಗಾಳಿ ಜೋರು. ಹವಾಮಾನ ಸಂಸ್ಥೆ ಪಗಾಸಾದ ಪ್ರಕಟಣೆಯನ್ನು ಅನುಸರಿಸಿ. ಎರಡನೇ ಸಂಕೇತ ಬಂದೊಡನೆ ಬಕೆಟ್‌ಗಳನ್ನೆಲ್ಲ ತುಂಬಿ, ಪವರ್ ಬ್ಯಾಂಕ್ ಚಾರ್ಜ್ ಮಾಡಿ, ನಗದು ತೆಗೆದಿಟ್ಟುಕೊಳ್ಳಿ, ಬೇಯಿಸದೆ ತಿನ್ನುವಂಥದ್ದನ್ನು ಮೂರು ದಿನಕ್ಕೆ ಆಗುವಷ್ಟು ಇಡಿ. ಪಾಸ್‌ಪೋರ್ಟ್ ಮತ್ತು ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎತ್ತರದಲ್ಲಿಡಿ. ಗಾಳಿ ಇದ್ದಕ್ಕಿದ್ದಂತೆ ನಿಂತು ಬಿಸಿಲು ಇಣುಕಿದರೆ ಹೊರಗೆ ಹೋಗಬೇಡಿ. ನೀವು ಚಂಡಮಾರುತದ ನಡುಗಣ್ಣಿನಲ್ಲಿರಬಹುದು, ಇನ್ನರ್ಧ ಎದುರು ದಿಕ್ಕಿನಿಂದ ಬರುತ್ತದೆ. ಮನೆಯವರಿಗೆ ಒಂದು ಸೂಕ್ಷ್ಮ ಹೇಳಿಡಿ: ಒಂದೇ ಚಂಡಮಾರುತಕ್ಕೆ ಫಿಲಿಪ್ಪೀನ್ಸ್‌ನಲ್ಲಿ ಒಂದು ಹೆಸರು, ಹೊರಗೆ ಇನ್ನೊಂದು. ಗ್ಲೆಂಡಾ ಕಳೆಯಿತು ಎಂದು ನಾನು ಸಂದೇಶ ಕಳಿಸಿದ ಮೇಲೂ, ರಮ್ಮಸೂನ್ ಎಂಬುದು ಬರುತ್ತಿದೆಯಂತೆ ಎಂದು ಅಮ್ಮ ಎರಡು ದಿನ ನಿದ್ದೆಗೆಟ್ಟಿದ್ದರು. ಎರಡೂ ಒಂದೇ.

ನೆರೆ ನೀರಿಗೆ ಇಳಿಯುವುದು ಬೇರೆಯೇ ಅಪಾಯ. ಕರಾವಳಿ, ಮಲೆನಾಡಿನವರು ಕೇಳಿ ಬಲ್ಲ ಇಲಿಜ್ವರ ಅಲ್ಲಿಯೂ ಇದೆ, ನೆರೆಯ ನಂತರ ಹೆಚ್ಚುತ್ತದೆ. ಗದ್ದೆಯಲ್ಲಿ ಕೆಲಸ ಮಾಡುವವರಿಗೂ ತಪ್ಪಿದ್ದಲ್ಲ. ಕಾಲಿನಲ್ಲಿ ಗಾಯವಿದ್ದರೆ ಬೂಟಿಲ್ಲದೆ ಇಳಿಯಬೇಡಿ. ಇಳಿದು ಬಂದಿದ್ದರೆ ವೈದ್ಯರನ್ನು ಕೇಳಿ ಮುಂಜಾಗ್ರತೆಯ ಮಾತ್ರೆ ಬೇಕೋ ಎಂದು ತಿಳಿಯಿರಿ. ಡೆಂಗಿ ಸೊಳ್ಳೆ ಹಗಲು ಕಚ್ಚುತ್ತದೆ, ಆದ್ದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗದೆ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಇಳಿದ ದಿನವೇ ನಿರಾಳವಾಗಬೇಡಿ; ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ. ಕಷಾಯ ಕುಡಿದು ಮೂರು ದಿನ ಕಾದ ಗೆಳೆಯನನ್ನು ನಾವು ನಾಲ್ಕು ಜನ ಎತ್ತಿಕೊಂಡು ಟ್ರೈಸಿಕಲ್ಲಿನಲ್ಲಿ, ಎಂದರೆ ಬೈಕಿನ ಪಕ್ಕಕ್ಕೆ ಜೋಡಿಸಿದ ಬಾಡಿಗೆ ಗಾಡಿಯಲ್ಲಿ, ಕೂರಿಸಿದ್ದೆವು. ಉಳಿದ, ಈಗ ರಾಯಚೂರಿನಲ್ಲಿದ್ದಾನೆ.

ವಾಪಸು ಬರುವಾಗ

ಆರು ತಿಂಗಳಿಗಿಂತ ಹೆಚ್ಚು ಇದ್ದವರು ದೇಶ ಬಿಡಲು ವಲಸೆ ಇಲಾಖೆಯ ನಿರ್ಗಮನ ಪ್ರಮಾಣಪತ್ರ ಪಡೆಯಬೇಕು. ವಿಮಾನಕ್ಕೆ 72 ಗಂಟೆ ಮೊದಲಾದರೂ ಅರ್ಜಿ ಹಾಕಬೇಕೆಂಬುದು ನಿಯಮ. ನೀವು ಎರಡು ವಾರ ಮೊದಲೇ ಹೋಗಿ. ಪದವಿ ಪತ್ರಕ್ಕೂ ಅಂಕಪಟ್ಟಿಗೂ ಅಲ್ಲಿನ ವಿದೇಶಾಂಗ ಇಲಾಖೆಯ ಅಪಾಸ್ಟೀಲ್ ಮಾಡಿಸಿಕೊಂಡೇ ಹೊರಡಿ. ಭಾರತದಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಪದವಿಯ ತತ್ಸಮಾನ ಪ್ರಮಾಣಪತ್ರ ಕೇಳುತ್ತಾರೆ, ಆಗ ಇವು ಬೇಕು. ಸಾಗರದಲ್ಲಿ ಕೂತು ಲೋಸ್ ಬಾನ್ಯೋಸ್‌ನ ಮುದ್ರೆ ತರಿಸುವುದು ಎಷ್ಟು ಕಷ್ಟ ಎಂದು ತಿಳಿಯುವ ಆಸೆ ನಿಮಗೆ ಬೇಡ.

ಪಾತ್ರೆ, ಕೊಡೆ, ಗದ್ದೆ ಬೂಟು, ಅಡಾಪ್ಟರ್ ಯಾವುದನ್ನೂ ಮಾರಬೇಡಿ. ಮುಂದಿನ ಜೂನ್‌ನಲ್ಲೋ ಆಗಸ್ಟ್‌ನಲ್ಲೋ ಬರುವ ನಮ್ಮ ಕಡೆಯವರೊಬ್ಬರಿಗೆ ಬಿಟ್ಟು ಬನ್ನಿ. ನನ್ನ ಅನ್ನದ ಕುಕ್ಕರ್ ನನಗೆ ಮಂಡ್ಯದವರೊಬ್ಬರಿಂದ ಬಂದದ್ದು, ನಾನು ಕೊಟ್ಟದ್ದು ಬಳ್ಳಾರಿಯವರಿಗೆ. ಆಮೇಲೆ ಅದು ಇನ್ನಿಬ್ಬರ ಕೈ ದಾಟಿದೆ ಎಂದು ಕೇಳಿದೆ. ನಿಮಗೇನಾದರೂ ಅದು ಸಿಕ್ಕರೆ, ಮುಚ್ಚಳದ ಹಿಡಿಕೆಯ ಸ್ಕ್ರೂ ಸಡಿಲವಿದೆ, ಬಟ್ಟೆ ಹಿಡಿದು ತೆಗೆಯಿರಿ.